ಹೊಂಬಳರ ಮಾಳಿಗೆಯ ಬಿಸಿಲು

ನಾನು ಬಿಸಿಲು ತಿಂದು ಕರೆಂಟು ಕೊಡುವ ಹಲಗೆ. ಪುಸ್ತಕಗಳಲ್ಲಿ ನನ್ನನ್ನು ಸೌರಫಲಕ ಎನ್ನುತ್ತಾರಂತೆ. ಗದಗದಲ್ಲಿ ಯಾರೂ ಹಾಗೆ ಕರೆಯಲಿಲ್ಲ, ಸೋಲಾರ್ ಪ್ಲೇಟು ಎಂದರು. ಈಗ ಬಿದ್ದುಕೊಂಡಿರುವ ಗುಜರಿ ಅಂಗಡಿಯಲ್ಲಿ ಬರೀ ಮಾಲು ಎನ್ನುತ್ತಾರೆ. ಮೂರು ಹೆಸರುಗಳಲ್ಲಿ ಈ ಕೊನೆಯದರ ಮೇಲೇ ನನಗೆ ನಂಬಿಕೆ ಹೆಚ್ಚು, ಏಕೆಂದರೆ ಇದರಲ್ಲಿ ಯಾರೂ ನನ್ನಿಂದ ಏನನ್ನೂ ಬಯಸುವುದಿಲ್ಲ.

ಹುಟ್ಟಿದ್ದು ಒಂದು ದೊಡ್ಡ ಕಾರ್ಖಾನೆಯಲ್ಲಿ. ತೆಳ್ಳನೆಯ ಕಡುನೀಲಿ ಬಿಲ್ಲೆಗಳನ್ನು ಸಾಲಾಗಿ ಜೋಡಿಸಿ, ಮೇಲೆ ಗಾಜು ಹೊದಿಸಿ, ಕಾಯಿಸಿ ಒತ್ತಿ, ಸುತ್ತಲೂ ಅಲ್ಯೂಮಿನಿಯಂ ಚೌಕಟ್ಟು ಕಟ್ಟಿದರು. ಬೆನ್ನಿಗೆ ಎರಡು ವೈರು ಬಿಟ್ಟರು. ಆಮೇಲೆ ಒಂದು ಕತ್ತಲೆಯ ಪೆಟ್ಟಿಗೆಯೊಳಗೆ ನೂಕಿ ದೊಡ್ಡ ದೀಪವೊಂದನ್ನು ಒಮ್ಮೆ ಫಳಕ್ಕನೆ ಮಿಂಚಿಸಿದರು. ಅದೇ ನನಗೆ ತೋರಿಸಿದ ಮೊದಲ ಸೂರ್ಯ. ಆ ಸುಳ್ಳು ಸೂರ್ಯನ ಎದುರಿಗೆ ನನ್ನ ಯೋಗ್ಯತೆ ಅಳೆದು, ಇಪ್ಪತ್ತೈದು ವರ್ಷ ಬಾಳುತ್ತದೆ ಎಂದು ಬೆನ್ನಿಗೆ ಚೀಟಿ ಅಂಟಿಸಿ ಕಳಿಸಿದರು. ನಿಜವಾದ ಬಿಸಿಲು ಹೇಗಿರುತ್ತದೆ, ಅದರ ಕೆಳಗೆ ಎಂಥ ಮನುಷ್ಯರಿರುತ್ತಾರೆ ಎಂದು ಯಾರೂ ಹೇಳಲಿಲ್ಲ.

ಲಾರಿಯಿಂದ ಇಳಿದಾಗ ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಮನೆ ಸಂಗನಬಸಪ್ಪ ಹೊಂಬಳ ಅವರದು. ಹತ್ತಿ ಗಿರಣಿಯೊಂದರ ಆಫೀಸಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ಹಣೆಯ ತುಂಬ ವಿಭೂತಿ. ಓಣಿಯ ಮಂದಿ ಸರ್ಕಾರದ ಯಾವ ಕೆಲಸವಿದ್ದರೂ ಅವರನ್ನು ಕೇಳುತ್ತಿದ್ದರು. ಕೇಳದಿದ್ದರೂ ಅವರು ಹೇಳುತ್ತಿದ್ದರು.

ನನ್ನನ್ನೂ ನನ್ನ ಜೊತೆಯವರನ್ನೂ ಮಾಳಿಗೆಗೆ ಹೊತ್ತು ತಂದಾಗ ಅಲ್ಲಿ ಆಗಲೇ ಕೆಲಸ ನಡೆದಿತ್ತು. ಹಳೆಯ ಸೀರೆಗಳನ್ನು ಹಾಸಿ, ತುದಿಗೆ ಕಲ್ಲಿಟ್ಟು, ಇಬ್ಬರು ಹೆಂಗಸರು ಉದ್ದಿನ ಹಪ್ಪಳ ಒಣಹಾಕುತ್ತಿದ್ದರು. ಒಬ್ಬರು ಸಂಗನಬಸಪ್ಪನವರ ಹೆಂಡತಿ ಕಾಶವ್ವ, ಗಟ್ಟಿಮುಟ್ಟಾದ, ಮಾತು ಕಡಿಮೆಯ ಹೆಂಗಸು. ಇನ್ನೊಬ್ಬಳು ಹಿಂದಿನ ಓಣಿಯ ಮಾಬೂಬಿ. ಗಂಡ ತೀರಿಕೊಂಡಿದ್ದ, ಇದ್ದ ತಗಡಿನ ಮನೆಗೆ ಮಾಳಿಗೆ ಇರಲಿಲ್ಲ. ಹಿಟ್ಟು ಕುಟ್ಟುವ ಬಲ ಮಾಬೂಬಿಯದು, ಲಟ್ಟಿಸುವ ಕೈ ಕಾಶವ್ವನದು, ಬಿಸಿಲು ಹೊಂಬಳರ ಮಾಳಿಗೆಯದು. ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ, ಸಂಡಿಗೆ ಊರಿನ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಹೋಗುತ್ತಿದ್ದವು. ಬಂದದ್ದರಲ್ಲಿ ಇಬ್ಬರಿಗೂ ಸಮಪಾಲು. ಕಾಶವ್ವನಿಗೆ ಅದು ಗಂಡನ ಮುಂದೆ ಕೈ ಚಾಚದೆ ಖರ್ಚು ಮಾಡುವ ಸುಖ. ಮಾಬೂಬಿಗೆ ಅದು ವರ್ಷದ ಊಟ.

ನಮ್ಮನ್ನು ಎಲ್ಲಿಡುವುದು ಎಂದು ಅಳತೆ ಶುರುವಾದಾಗ ಕಾಶವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅಲ್ರೀ, ಅರ್ಧಾ ಮಾಳಗಿ ನಮಗ ಬಿಡ್ತೀನಿ ಅಂದಿದ್ರಲ್ಲ?"

"ಅರ್ಧಾ ಹಾಕಿದ್ರ ಅರ್ಧಾನ ರೊಕ್ಕ ಬರತೈತಿ," ಎಂದರು ಸಂಗನಬಸಪ್ಪ. "ಸರ್ಕಾರ ತಾನಾಗಿ ಬಿಸಲಿಗೆ ರೊಕ್ಕ ಕೊಡಾಕ ನಿಂತೈತಿ. ನೀ ಹಪ್ಪಳಾ ಸಂಡಿಗಿ ಅಂತ ಕುಂತಿ."

ಹೆಂಗಸರು ಸೀರೆಗಳನ್ನು ಮಡಚಿದರು. ಅರ್ಧ ಒಣಗಿದ ಹಪ್ಪಳಗಳನ್ನು ಬುಟ್ಟಿಗೆ ತುಂಬಿಕೊಂಡು ಕೆಳಗಿಳಿದರು. ಅವರು ಕೂತಿದ್ದ ಜಾಗದಲ್ಲೇ ಕಬ್ಬಿಣದ ಕಾಲು ನೆಟ್ಟು ನನ್ನನ್ನು ಕೆಳಸಾಲಿನಲ್ಲಿ ಕೂಡಿಸಿದರು. ಮನೆಯೊಂದಕ್ಕೆ ಬಂದ ಮೊದಲ ದಿನವೇ ಇನ್ನೊಬ್ಬರ ಜಾಗ ಕಸಿದುಕೊಂಡು ಕೂತವನು ನಾನು. ಕೂಡಿಸಿದವರು ಬೇರೆ, ಆದರೆ ಕೂತದ್ದಂತೂ ನಾನೇ.

ಸರ್ಕಾರ ಕೊಡುವ ಹಣದ ವ್ಯವಹಾರ ಹೀಗಿತ್ತು. ನಾವು ಮಾಡಿದ ಕರೆಂಟಿನಲ್ಲಿ ಮನೆಗೆ ಬಳಸಿ ಮಿಕ್ಕಿದ್ದು ಬೀದಿಯ ತಂತಿಗೆ ಹೋಗುತ್ತದೆ. ಹೋದದ್ದನ್ನು ಹೊಸ ಮೀಟರು ಅಳೆಯುತ್ತದೆ, ಅಷ್ಟಕ್ಕೂ ಮನೆಯವರಿಗೆ ದುಡ್ಡು ಬರುತ್ತದೆ. ಮೀಟರು ಜೋಡಿಸಿ ಚಾಲೂ ಮಾಡಿದ ದಿನ ಯಾವ ದರ ಇರುತ್ತದೋ ಅದೇ ದರ ಕೊನೆಯವರೆಗೆ. ಇದನ್ನೆಲ್ಲ ಸಂಗನಬಸಪ್ಪನವರು ಪತ್ರಿಕೆಯಲ್ಲಿ ಓದಿ, ಓದಿದ್ದಕ್ಕಿಂತ ಹೆಚ್ಚು ಓಣಿಗೆ ಹೇಳಿದ್ದರು.

ನಮ್ಮನ್ನು ಬಿಗಿದು ವೈರು ಎಳೆದು ಮುಗಿಸುವ ಹೊತ್ತಿಗೆ ಮಾರ್ಚ್ ಕೊನೆಯ ವಾರ. ಕರೆಂಟ್ ಆಫೀಸಿನಿಂದ ತಳವಾರ ಎಂಬ ಇಂಜಿನಿಯರು ಮೀಟರು ಹಿಡಿದು ತಾನೇ ಬಂದ. ವಯಸ್ಸು ಚಿಕ್ಕದು, ಮಾತು ನೇರ.

"ಎಲ್ಲಾ ರೆಡಿ ಐತ್ರಿ. ಇವತ್ತ ಜೋಡ್ಸಿ ಚಾಲೂ ಮಾಡಿಬಿಡೂಣ್ರಿ."

"ಇವತ್ತ ಬ್ಯಾಡ್ರಿ. ಇನ್ನೇನ್ ಯುಗಾದಿ ಬಂತು. ಹಳೇ ವರ್ಷದ ಬಾಲದಾಗ ಯಾರರ ಶುಭ ಕೆಲಸ ಮಾಡ್ತಾರೇನ್ರಿ? ಪಾಡ್ಯದ ದಿನ ಪೂಜಿ ಮಾಡಿ ಚಾಲೂ ಮಾಡೂಣು."

"ಯುಗಾದಿ ಏಪ್ರಿಲ್‌ದಾಗ ಬರತೈತ್ರಿ. ಮಾರ್ಚ್ ಒಳಗ ಆದ್ರ ನಿಮಗ ಚಲೋ ಇತ್ತು. ದರ ಗಿರ ಬದಲಾದ್ರ ಆಮ್ಯಾಲ ನಮ್ಮ ಕೈಯಾಗ ಇರೂದಿಲ್ರಿ."

ಸಂಗನಬಸಪ್ಪನವರು ನಕ್ಕರು. ಜೀವಮಾನವೆಲ್ಲ ಗಿರಣಿಯಲ್ಲಿ ಮಾರ್ಚ್ ಕೊನೆಯ ಗಡಿಬಿಡಿ ಕಂಡವರು ಅವರು. ಯಾವ ಆಫೀಸರು ಯಾಕೆ ಅವಸರ ಮಾಡುತ್ತಾನೆಂದು ತಮಗೆ ಗೊತ್ತಿಲ್ಲವೇ ಎಂಬ ನಗೆ ಅದು.

"ನಿಮ್ಮ ಟಾರ್ಗೆಟ್ ಮುಗಸಾಕ ನನ್ನ ಮುಹೂರ್ತ ಕೆಡಸಬ್ಯಾಡ್ರಿ, ಸಾಹೇಬ್ರ. ಚಹಾ ಕುಡೀರಿ."

ತಳವಾರ ಚಹಾ ಕುಡಿದ, ಮೀಟರು ತೆಗೆದುಕೊಂಡು ಹೋದ. ಆ ಒಂದು ವಾರ ನಾನು ಬಿಸಿಲಿಗೆ ಮುಖವೊಡ್ಡಿ ಸುಮ್ಮನೆ ಕಾಯ್ದೆ. ಕರೆಂಟು ಹೋಗಲು ದಾರಿಯಿಲ್ಲದ ಪ್ಲೇಟಿಗೆ ಬಿಸಿಲು ಬರೀ ಸುಡುವ ಕೆಲಸ ಮಾಡುತ್ತದೆ.

ಯುಗಾದಿಯ ದಿನ ಬೇವು ಬೆಲ್ಲ ಹಂಚಿದರು. ನನ್ನ ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು ಕುಂಕುಮ ಇಟ್ಟರು. ಕಾಶವ್ವ ಆರತಿ ಎತ್ತಿದಳು. ಮಾಬೂಬಿ ಮೆಟ್ಟಿಲ ಬಳಿ ನಿಂತು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು. ಮೀಟರು ಚಾಲೂ ಆಯಿತು. ಸಂಗನಬಸಪ್ಪನವರು ಓಣಿಯ ಗಂಡಸರನ್ನೆಲ್ಲ ಕರೆದು ತೋರಿಸಿದರು. "ಇನ್ನ ಮ್ಯಾಲ ಸೂರ್ಯಾನ ನಮ್ಮನಿಗೆ ಪಗಾರ ಕೊಡ್ತಾನ," ಎಂದರು. ಎಲ್ಲರೂ ಹೊಟ್ಟೆಕಿಚ್ಚು ಮುಚ್ಚಿಟ್ಟುಕೊಂಡು ನಕ್ಕರು. ನನಗೂ ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ. ಆಗಿನ್ನೂ ಹೊಸಬ ನಾನು.

ಪಗಾರ ಬಂತು. ಅವರು ಹೇಳಿಕೊಂಡಿದ್ದರಲ್ಲಿ ಅರ್ಧಕ್ಕೂ ಸಾಲದು.

ಆ ದಿನದಿಂದ ಸಂಗನಬಸಪ್ಪನವರಿಗೆ ಹೊಸ ನೌಕರಿ ಸಿಕ್ಕಿತು. ಬೆಳಿಗ್ಗೆ ಊಟ ಮುಗಿಸಿ, ಛತ್ರಿ ಹಿಡಿದು ಕರೆಂಟ್ ಆಫೀಸಿಗೆ ಹೊರಡುವುದು. ಮೀಟರು ಸುಳ್ಳು, ಲೆಕ್ಕ ಸುಳ್ಳು, ಆಫೀಸಿನವರು ಕಳ್ಳರು ಎಂದು ಕೂಗಾಡುವುದು. ಸಂಜೆ ಬಂದು ಮಾಳಿಗೆ ಹತ್ತಿ, ನಮ್ಮನ್ನು ದುರುಗುಟ್ಟಿ ನೋಡುವುದು. ಕೂಲಿಯಾಳುಗಳು ಮೈಗಳ್ಳತನ ಮಾಡುತ್ತಿದ್ದಾರೆ ಎಂಬ ನೋಟ ಅದು. ದರ ಇಳಿದಿದೆ ಎಂದು ಅಲ್ಲಿ ಯಾರಾದರೂ ಮೊದಲೇ ಹೇಳಿರಬಹುದು. ಆದರೆ ಕೂಗುವ ಮನುಷ್ಯನಿಗೆ ಮಾತು ಎಲ್ಲಿ ಕೇಳಿಸುತ್ತದೆ?

ಹೆಂಗಸರ ಪಾಡು ಬೇರೆ. ಆ ಬೇಸಿಗೆಯಲ್ಲಿ ಅವರು ಓಣಿಯಲ್ಲಿ ಹಪ್ಪಳ ಹಾಕಿ ನೋಡಿದರು. ಧೂಳು ಕೂತಿತು, ಹಂದಿಗಳು ಬಂದವು. ನಮ್ಮ ಸಾಲುಗಳ ನಡುವೆ ಹಾಕಿದರು. ಅಲ್ಲೆಲ್ಲ ನಮ್ಮದೇ ನೆರಳು. ಸರಿಯಾಗಿ ಒಣಗದ ಹಪ್ಪಳಕ್ಕೆ ಬೂಸಲು ಬಂದು ಒಂದು ಖಾನಾವಳಿಯವರು ವಾಪಸು ಕಳಿಸಿದರು. ಮಾಬೂಬಿ ಆ ವರ್ಷ ಅವರಿವರ ಮನೆಯ ಭಾಂಡೆ ತಿಕ್ಕಿ ದಿನ ದೂಡಿದಳು.

ಮರುವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಕಾಶವ್ವ ಒಬ್ಬಳೇ ಮೇಲೆ ಬಂದಳು. ನನ್ನ ಗಾಜಿನ ಮೇಲೆ ಅಂಗೈ ಇಟ್ಟು ತಟ್ಟನೆ ತೆಗೆದಳು. ಆಮೇಲೆ ಕೆಳಗೆ ಬಾಗಿ ಹಿಂದಿನ ಓಣಿಯತ್ತ ಕೂಗಿದಳು.

"ಮಾಬೂಬಿ, ಬಾ ಇಲ್ಲೆ. ಇದು ಕಾದ ಹಂಚಾಗೇತಿ. ಇದರ ಮ್ಯಾಲ ಹಾಕಿದ್ರ ಹೆಂಗ?"

ಮಾಬೂಬಿ ಬಂದು ಮುಟ್ಟಿ ನೋಡಿ ಹಿಂಜರಿದಳು. "ಬ್ಯಾಡ್ರಿ ಅಕ್ಕಾರ. ಅಣ್ಣಾರ ಏನಂದಾರು? ಏನರ ಕೆಟ್ಟಗಿಟ್ಟೀತು."

"ಕೆಡಾಕೇನ್ ಹಾಲೇನು? ಗಾಜ ಐತಿ. ನಾವೇನು ಕಲ್ಲ ಹಾಕಾಕತ್ತಿಲ್ಲ, ಹಪ್ಪಳಾ ಹಾಕತೀವಿ. ಅವ್ರು ಬರೂದ್ರಾಗ ತಗದಬಿಡೂಣು."

ಹೀಗೆ ನನ್ನ ಬಾಳಿನ ಒಳ್ಳೆಯ ದಿನಗಳು ಬಂದವು. ನನ್ನ ಮೇಲೂ ಕೆಳಸಾಲಿನ ಜೊತೆಗಾರರ ಮೇಲೂ ತೆಳು ಸೀರೆ ಹಾಸಿದರು. ಅದರ ಮೇಲೆ ಹಪ್ಪಳ. ಕೆಳಗಿನಿಂದ ನನ್ನ ಕಾವು, ಮೇಲಿನಿಂದ ಸೂರ್ಯನ ಕಾವು, ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಗರಿಗರಿ. ಹಪ್ಪಳದ ಕೆಳಗೆ ನಾನು ಕುರುಡ. ಕರೆಂಟು ಮಾಡಲು ಆಗುತ್ತಿರಲಿಲ್ಲ. ಆದರೆ ಇಂಗಿನ ವಾಸನೆ, ಹೆಂಗಸರ ಮಾತು, ಕಾಗೆ ಓಡಿಸುವ ಕೂಗು ಎಲ್ಲ ಇತ್ತು. ಮಾಬೂಬಿ ಯಾರದೋ ನಡಿಗೆ ಅಣಕಿಸುತ್ತಿದ್ದಳು, ಕಾಶವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು. ಆಕೆ ನಕ್ಕದ್ದನ್ನು ಆ ಮನೆಯಲ್ಲಿ ನಾನು ಕೇಳಿದ್ದು ಆಗ ಮಾತ್ರ. ಖಾನಾವಳಿಯವರು ಮತ್ತೆ ಹಪ್ಪಳ ಕೇಳಿಕೊಂಡು ಬಂದರು. ಸರ್ಕಾರಕ್ಕೆ ಒಂದಿಷ್ಟು ಕರೆಂಟು ಕಡಿಮೆಯಾಯಿತು. ನನಗೇನೂ ಬೇಸರವಾಗಲಿಲ್ಲ.

ಅತ್ತ ಸಂಗನಬಸಪ್ಪನವರು ಆಫೀಸಿನಲ್ಲಿ ಮೇಜು ಗುದ್ದಿ, ಮೇಲಿನವರಿಗೆ ದೂರು ಬರೆದು, ಕೊನೆಗೂ ಗೆದ್ದರು. ಮೀಟರು ಪರೀಕ್ಷೆ ಮಾಡಲು ಆಫೀಸಿನವರು ತಳವಾರನನ್ನೇ ಕಳಿಸಿದರು. ಯಾವ ದಿನ ಬರುತ್ತೇವೆಂದು ಮೊದಲೇ ಹೇಳುವ ಪದ್ಧತಿ ಅವರಲ್ಲಿ ಇರಲಿಲ್ಲ. ಒಂದು ದಿನ ನಡುಮಧ್ಯಾಹ್ನ ಆಫೀಸಿನ ಜೀಪಿನಲ್ಲೇ ಸಂಗನಬಸಪ್ಪನವರನ್ನೂ ಕೂಡಿಸಿಕೊಂಡು ಬಂದ. ಕೆಳಗೆ ಮೀಟರು ನೋಡಿದ. ಸರಿ ಇದೆ ಎಂದ. "ಪ್ಲೇಟ್ ತೋರಸ್ರಿ," ಎಂದು ಮೆಟ್ಟಿಲು ಹತ್ತಿದ. ಹಿಂದೆಯೇ ಸಂಗನಬಸಪ್ಪನವರು ಏದುಸಿರು ಬಿಡುತ್ತ ಹತ್ತಿದರು.

ಮೇಲೆ ಇಬ್ಬರು ಹೆಂಗಸರು, ಸಾಲು ತುಂಬ ಹಪ್ಪಳ.

ತಳವಾರನಿಗೆ ನಗು ತಡೆಯಲಾಗಲಿಲ್ಲ. "ಚಲೋ ಐಡಿಯಾ ಐತ್ರಿ ಅವ್ವಾರ," ಎಂದ. ಸಂಗನಬಸಪ್ಪನವರ ಮುಖ ಕಪ್ಪಿಟ್ಟಿತು. ನನ್ನ ಮೇಲಿನ ಸೀರೆಯ ತುದಿ ಹಿಡಿದು ಎಳೆದರು. ಹಪ್ಪಳಗಳು ಉರುಳಿ ಪುಡಿಪುಡಿಯಾದವು. ಕೆಲವು ಗಾಳಿಗೆ ಹಾರಿ ಓಣಿಗೆ ಬಿದ್ದವು. ಮಾಬೂಬಿ ತುಣುಕುಗಳನ್ನು ಆರಿಸಲು ಬಾಗಿದಳು. ಕಾಶವ್ವ ಅವಳ ರಟ್ಟೆ ಹಿಡಿದು ಎಬ್ಬಿಸಿ ಕೆಳಗೆ ಕರೆದುಕೊಂಡು ಹೋದಳು.

ಇನ್ನು ಮುಂದಿನದನ್ನು ಕೇಳಿದವರು ಮೂವರೇ. ತಳವಾರ, ಸಂಗನಬಸಪ್ಪ, ನಾನು.

"ನೋಡ್ರಿ ಸಾಹೇಬ್ರ," ಎಂದರು ಸಂಗನಬಸಪ್ಪ. "ನನ್ನ ರೊಕ್ಕ ಎಲ್ಲೆ ಹೋಗತಿತ್ತು ಅಂತ ಈಗ ಗೊತ್ತಾತು."

ತಳವಾರ ನಗು ನಿಲ್ಲಿಸಿದ. "ಹಪ್ಪಳದಿಂದಲ್ರಿ. ಇದು ಬ್ಯಾಸಗಿಯಾಗ ಎರಡ ತಿಂಗಳ ಆಟ, ಅದೂ ಈ ವರ್ಷದ್ದು, ಮೀಟರ್‌ದಾಗ ಕಾಣತೈತಿ. ನಿಮಗ ಕಡಿಮಿ ಬರಾಕತ್ತಿದ್ದು ಮೊದಲನೇ ತಿಂಗಳಿಂದ. ಅವಾಗ ಹಪ್ಪಳ ಎಲ್ಲಿದ್ದೂವ್ರಿ?"

"ಮತ್ಯಾಕ?"

"ದರ ಇಳೀತ್ರಿ. ಏಪ್ರಿಲ್ ಒಂದರಿಂದ ಚಾಲೂ ಆದವ್ರಿಗೆಲ್ಲ ಹೊಸ ದರ. ನೀವು ಪೇಪರ್‌ದಾಗ ಓದಿದ್ದು ಮಾರ್ಚ್ ಒಳಗ ಆದವ್ರದು. ನಾ ಅವತ್ತ ಮೀಟರ್ ಹಿಡ್ಕೊಂಡ ನಿಮ್ಮನಿಗೆ ಬಂದಿದ್ನಿಲ್ರಿ? ನೀವ ಯುಗಾದಿಗೆ ಬರ್ರಿ ಅಂದ್ರಿ. ಅವತ್ತ ಜೋಡಿಸಿದ್ರ ಎರಡರಷ್ಟ ಬರತಿತ್ತು, ಕಡೀತನಕಾನೂ."

ಸಂಗನಬಸಪ್ಪನವರು ನನ್ನ ಚೌಕಟ್ಟಿಗೆ ಕೈ ಊರಿ ನಿಂತರು. ಚೌಕಟ್ಟು ಸುಡುತ್ತಿತ್ತು, ಆದರೂ ಕೈ ತೆಗೆಯಲಿಲ್ಲ. ತಳವಾರನಿಗೆ ಪಾಪ ಅನ್ನಿಸಿತೋ ಏನೋ, "ಆಗಿದ್ದಾತು ಬಿಡ್ರಿ, ಅವ್ವಾರ್ನ ಬೈಯಬ್ಯಾಡ್ರಿ," ಎಂದು ಇಳಿದು ಹೋದ. ಜೀಪಿನ ಸದ್ದು ದೂರವಾಯಿತು. ಇವರು ಇನ್ನೂ ನಿಂತೇ ಇದ್ದರು. ಈಗ ಕೆಳಗೆ ಹೋಗಿ ನಿಜ ಹೇಳುತ್ತಾರೆ ಎಂದು ನಾನು ಎಣಿಸಿದೆ. ತಪ್ಪು ಯಾರದೂ ಆಗಬಹುದು, ಮುಹೂರ್ತ ನೋಡುವವರು ಊರಲ್ಲಿ ಇವರೊಬ್ಬರೇ ಅಲ್ಲ. ನಕ್ಕು ಮುಗಿಸುವ ಮಾತು ಅದು.

ಅವರು ಕೆಳಗೆ ಹೋದರು. ಆಮೇಲೆ ಓಣಿಗೆಲ್ಲ ಕೇಳುವ ಹಾಗೆ ಅವರ ದನಿ ಎದ್ದಿತು.

"ಮೀಟರು ಸುಳ್ಳು ಅಂತ ನಾ ಊರ ಮುಂದ ಕುಣೀತಿದ್ದೆ! ನನ್ನ ಮನ್ಯಾಗನ ನನ್ನ ಅನ್ನಕ್ಕ ಮಣ್ಣ ಹಾಕಾಕತ್ತಿದ್ರು. ಇಂಜಿನಿಯರ್ ಸಾಹೇಬ್ರು ಕಣ್ಣಾರೆ ನೋಡಿ ಹೋದ್ರು. ಆ ಹೆಂಗಸನ್ನ ಮನಿಗೆ ಹಚಗೊಂಡಿದ್ದಕ್ಕ ಇದು. ಆಕಿನ ನಿನ್ನ ತಲಿ ಕೆಡಿಸಿದ್ದು, ಹೌದಿಲ್ಲೋ?"

ಕಾಶವ್ವ ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಆಕೆಯನ್ನು ನಾನು ಇವತ್ತಿಗೂ ಪೂರ್ತಿ ದ್ವೇಷಿಸಲಾರೆ. ತನ್ನಿಂದಲೇ ಮನೆಗೆ ನಷ್ಟವಾಯಿತೆಂದು ಆಕೆ ನಿಜವಾಗಿ ನಂಬಿದಳು. ಆದರೆ ಆ ಮೌನದಲ್ಲಿ ಒಬ್ಬ ಬಡವಿಯ ಹೆಸರು ಕೆಟ್ಟಿತು. ಅದನ್ನು ಹೇಳದೆ ಬಿಡಲಾರೆ.

ಮರುದಿನ ಮಾಬೂಬಿ ಬಂದು ಬಾಗಿಲ ಹೊರಗೆ ನಿಂತಳು. "ಅಕ್ಕಾರ" ಎಂದು ಎರಡು ಸಲ ಕರೆದಳು. ಕಾಶವ್ವ ಬಾಗಿಲಿಗೆ ಬಂದಳು. "ನಮ್ಮನಿಗೆ ಇನ್ನ ಬರಬ್ಯಾಡ ಮಾಬೂಬಿ. ನಿನ್ನ ಲಟ್ಟಣಿಗಿ ಇಲ್ಲೇ ಐತಿ, ತಗೊಂಡ ಹೋಗು," ಎಂದಳು. ಲಟ್ಟಣಿಗೆ ಕಟ್ಟೆಯ ಮೇಲೆ ಇಟ್ಟ ಸದ್ದು ಮೇಲಕ್ಕೂ ಕೇಳಿಸಿತು. ಮಾಬೂಬಿ ಇದು ನಿಮ್ಮದೇ ಐಡಿಯಾ ಅಲ್ಲವೇನ್ರಿ ಎಂದು ಕೇಳಬಹುದಿತ್ತು, ಕೇಳಲಿಲ್ಲ.

ಮಾಳಿಗೆಯ ಬಾಗಿಲಿಗೆ ಬೀಗ ಬಿತ್ತು. ಬೀಗದ ಕೈ ಸಂಗನಬಸಪ್ಪನವರ ಉಡಿದಾರಕ್ಕೆ. ಮೊದಲಾದರೆ ಹೆಂಗಸರು ನೀರು ಹಾಕಿ ಒರೆಸುತ್ತಿದ್ದರು, ಈಗ ಯಾರೂ ಒರೆಸುವವರಿಲ್ಲ. ಧೂಳು ಕೂತು, ಪಾರಿವಾಳ ಹೇಸಿಗೆ ಮಾಡಿ, ಹಪ್ಪಳದ ದಿನಗಳಲ್ಲಿ ಆದದ್ದಕ್ಕಿಂತ ಹೆಚ್ಚು ಕರೆಂಟು ಕಡಿಮೆಯಾಯಿತು. ಆ ಲೆಕ್ಕವನ್ನು ಯಾರೂ ಕೇಳಲಿಲ್ಲ. ಸಂಗನಬಸಪ್ಪನವರು ಆಫೀಸಿಗೆ ಹೋಗುವುದನ್ನೂ ಬಿಟ್ಟರು. ಕಟ್ಟೆಯ ಮೇಲೆ ಯಾರಾದರೂ ಸೋಲಾರಿನ ಸುದ್ದಿ ತೆಗೆದರೆ, "ಹೆಂಗಸರ ಬುದ್ಧಿ ನೋಡ್ರಿ" ಎಂದು ಹಪ್ಪಳದ ಕತೆ ಹೇಳಿ ನಗಿಸುತ್ತಿದ್ದರು. ಹೇಳುತ್ತ ಹೇಳುತ್ತ ಅವರಿಗೇ ಅದು ನಿಜವಾಗಿತ್ತೋ ಏನೋ. ಒಳಗೆ ಕಾಶವ್ವ ಅಂಗಡಿಯ ಪ್ಯಾಕೆಟ್ ಹಪ್ಪಳ ಸುಟ್ಟು ಅವರ ತಾಟಿಗೆ ಹಾಕುತ್ತಿದ್ದಳು.

ಒಂದು ವರ್ಷ ಮಳೆಗಾಲಕ್ಕೆ ಮುಂಚೆ ಆಲಿಕಲ್ಲು ಬಿತ್ತು. ನನ್ನ ಗಾಜು ಒಡೆದು ಮೈತುಂಬ ಬಿರುಕು. ಬೆನ್ನ ಚೀಟಿಯಲ್ಲಿದ್ದ ಇಪ್ಪತ್ತೈದು ವರ್ಷದಲ್ಲಿ ಕಾಲು ಭಾಗವೂ ಆಗಿರಲಿಲ್ಲ. ನನ್ನನ್ನು ಕಿತ್ತು ಗುಜರಿಗೆ ಹಾಕಿದರು. ಗುಜರಿಯ ಖಾಜಾಸಾಬ ನನ್ನನ್ನು ಒಬ್ಬ ಮಿರ್ಚಿ ಭಜಿ ಗಾಡಿಯವನಿಗೆ ಮಾರಿದ. ಅವನ ಗಾಡಿಯ ನೆತ್ತಿಯ ಮೇಲೆ ಕೂತು, ಒಡಕು ಮೈಯಿಂದಲೇ ಒಂದು ಬಲ್ಬಿಗೆ ಬೆಳಕು ಕೊಟ್ಟೆ. ಎಣ್ಣೆಯ ಹೊಗೆ ಬಿರುಕಿಗೆ ಇಳಿದು ಅದೂ ನಿಂತಿತು. ಮತ್ತೆ ಖಾಜಾಸಾಬನ ಅಂಗಡಿಗೇ ಬಂದು ಗೋಡೆಗೆ ಒರಗಿದೆ.

ಅಲ್ಲಿ ಮಾಬೂಬಿ ಇದ್ದಳು. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದು ತಾಮ್ರ ಬೇರೆ ಮಾಡುವ ಕೆಲಸ. ಕೂದಲು ಬೆಳ್ಳಗಾಗಿತ್ತು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ನನ್ನನ್ನು ಗುರುತಿಸಲಿಲ್ಲ. ಪ್ಲೇಟುಗಳೆಲ್ಲ ಮನುಷ್ಯರ ಕಣ್ಣಿಗೆ ಒಂದೇ ತರ.

ಈಚೆಗೆ ಒಂದು ದಿನ ಮೂರು ಚಕ್ರದ ಟಂಟಂ ಗಾಡಿಯೊಂದು ಬಂದು ನಿಂತಿತು. ಅದರಲ್ಲಿ ನನ್ನ ಹಳೆಯ ಜೊತೆಗಾರರೆಲ್ಲ ಒಬ್ಬರ ಮೇಲೊಬ್ಬರು ಮಲಗಿದ್ದರು. ಮುಂದಿನ ಸೀಟಿನಿಂದ ಸಂಗನಬಸಪ್ಪನವರು ಕೋಲು ಊರಿ ಇಳಿದರು. ಸರ್ಕಾರದ ಹೊಸ ಯೋಜನೆ ಬಂದಿದೆಯಂತೆ. ಹಳೆಯದು ತೆಗೆಸಿ ಮಾಳಿಗೆ ತುಂಬ ಹೊಸ ಪ್ಲೇಟು ಹಾಕಿಸುತ್ತಾರಂತೆ. ಖಾಜಾಸಾಬನ ಮುಂದೆ ಅದನ್ನೆಲ್ಲ ವಿವರವಾಗಿ ಹೇಳಿ, ಆಮೇಲೆ ಗುಜರಿಯ ರೇಟಿಗೆ ಚೌಕಾಶಿಗೆ ನಿಂತರು. ಖಾಜಾಸಾಬ ಜಗ್ಗಲಿಲ್ಲ. ಹಳೇ ಮಾಲು, ಇಷ್ಟೇ ಎಂದ.

ಮಾಬೂಬಿ ಕೈಯಲ್ಲಿದ್ದ ವೈರು ಕೆಳಗಿಟ್ಟು ಎದ್ದು ಬಂದಳು. ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಆರಾಮ ಅದೀರೇನ್ರಿ ಅಣ್ಣಾರ? ಅಕ್ಕಾರ ಹೆಂಗದಾರ್ರಿ?"

ಸಂಗನಬಸಪ್ಪನವರಿಗೆ ಗುರುತು ಹಿಡಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಿಡಿದ ಮೇಲೆ ಕಣ್ಣು ಬೇರೆಡೆ ತಿರುಗಿಸಿದರು. "ಅದಾಳ. ಮಣಕಾಲ ಹಿಡದಾವು. ಮನ್ಯಾಗ ಅದಾಳ."

"ಅಣ್ಣಾರ, ಒಂದ ಮಾತ ಹೇಳೂದಿತ್ರಿ. ಅವಾಗ ನನ್ನಿಂದ ನಿಮ್ಮನಿಗೆ ಭಾಳ ಲುಕ್ಸಾನಾತು. ಹಪ್ಪಳಾ ಹಾಕಿದ್ರ ಕರೆಂಟ್ ಹೋಗತೈತಿ ಅಂತ ನಮ್ಮಂಥವ್ರಿಗೆ ತಿಳೀಲಿಲ್ರಿ. ಅದು ಮನಸಿನ್ಯಾಗ ಕೊರೀತಿತ್ತು. ತಪ್ಪಾತ್ರಿ. ಅಕ್ಕಾರ್ಗೂ ಹೇಳ್ರಿ, ಮಾಬೂಬಿ ತಪ್ಪಾತು ಅಂದ್ಳು ಅಂತ."

ನನ್ನ ಬಿರುಕುಗಳೆಲ್ಲ ಒಮ್ಮೆಗೇ ಬಿಸಿಯಾದವು. ಈಗ ಹೇಳಬೇಕು ಈ ಮನುಷ್ಯ. ಇಷ್ಟು ವರ್ಷ ಆಗಿದೆ, ಸುತ್ತ ಓಣಿಯವರಿಲ್ಲ, ಮರ್ಯಾದೆ ಹೋಗುವ ಭಯವಿಲ್ಲ. ಇರುವುದು ತುಕ್ಕು ಹಿಡಿದ ಕಬ್ಬಿಣ, ಗುಜರಿಯವನು, ಈ ಮುದುಕಿ. ಒಂದು ವಾಕ್ಯ ಸಾಕು. ಅವರು ಬಾಯಿ ತೆರೆದರು. ಗಂಟಲು ಸರಿಮಾಡಿಕೊಂಡರು. ಹೇಳಿಯೇ ಬಿಡುತ್ತಾರೆ ಅನ್ನಿಸಿತು ನನಗೆ.

"ಹೋಗ್ಲಿ ಬಿಡವಾ," ಎಂದರು. "ಆಗಿದ್ದಾತು. ನಾ ಏನೂ ಮನಸಿನ್ಯಾಗ ಇಟಗೊಂಡಿಲ್ಲ."

ಕ್ಷಮಿಸಿಬಿಟ್ಟರು.

ಮಾಬೂಬಿಯ ಕಣ್ಣು ತುಂಬಿತು. ಬಟ್ಟೆ ಸುತ್ತಿದ ಬೆರಳಿನಿಂದಲೇ ಒರೆಸಿಕೊಂಡು ಖಾಜಾಸಾಬನ ಕಡೆ ತಿರುಗಿದಳು. "ಭಾಯ್, ಅಣ್ಣಾರದು ಭಾಳ ದೊಡ್ಡ ಮನಸ್ಸು. ಅವ್ರು ಕೇಳಿದ ರೇಟ್ ಕೊಟ್ಟಬಿಡು. ಬೇಕಂದ್ರ ನನ್ನ ಪಗಾರದಾಗ ಹಿಡಕೋ."

ಖಾಜಾಸಾಬ ಅವಳ ಮುಖ ನೋಡಿ, ತಲೆಯಾಡಿಸಿ, ಗಲ್ಲೆಯಿಂದ ಇನ್ನೊಂದು ನೋಟು ತೆಗೆದು ಸೇರಿಸಿದ. ಸಂಗನಬಸಪ್ಪನವರು ಅದನ್ನು ತೆಗೆದುಕೊಂಡರು. ಕಿಸೆಗೆ ಹಾಕಿಕೊಂಡು, ಕೋಲು ಊರಿ, ಟಂಟಂ ಹತ್ತಿ ಕೂತರು.